ಎರಡು ಹೋಳಿನ ನಟ್ಟು

ತಲೆಯಲ್ಲಿ ಒಂದೇ ಒಂದು ಕೂದಲಿಲ್ಲದ ಮನುಷ್ಯನಿಗೆ ಊರು ಇಟ್ಟ ಹೆಸರು ಕೂದಲೆಳೆ. ಕಬ್ಬಿಣ ಕಡೆಯುವ ಲೇತಿನ ಮೇಲೆ ಕೆಲಸ ಮುಗಿಯಿತೆಂದು ಗಿರಾಕಿ ಕೈ ಚಾಚಿದಾಗಲೂ ಅವನು, "ಇರಿ, ಇನ್ನೊಂದು ಕೂದಲೆಳೆ ತೆಗೀಬೇಕು" ಎನ್ನುತ್ತಿದ್ದ. ಹಾಗೆ ತೆಗೆದು ತೆಗೆದೇ ತಲೆ ಬೋಳಾಯಿತು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅವನೂ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಇದು ಅವನ ಕಥೆ ಅನ್ನುವುದಕ್ಕಿಂತ ಅವನ ಹೆಂಡತಿಯ ಕಥೆ. ಅವಳಿಗೂ ಬೀದಿ ಒಂದು ಹೆಸರು ಇಟ್ಟಿತ್ತು, ಇಸ್ತ್ರಿ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಅಕ್ಕಪಕ್ಕದ ಮನೆಗಳ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ಕೊಡುವುದು ಅವಳ ಕೆಲಸ.

ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಕೆಲಸ ಎಂಥದ್ದೆಂದು ಅವಳಿಗೆ ತಿಳಿದದ್ದು ಅವನ ಚಪ್ಪಲಿಯಿಂದ. ಅಟ್ಟೆಗೆ ಚುಚ್ಚಿಕೊಂಡು ಬಂದ ಕಬ್ಬಿಣದ ಸುರುಳಿಗಳು ಮನೆಯೆಲ್ಲ ಉದುರುತ್ತಿದ್ದವು. ಎಷ್ಟು ಗುಡಿಸಿದರೂ ಒಂದಾದರೂ ಉಳಿದು ಅವಳ ಕಾಲಿಗೇ ನಾಟುತ್ತಿತ್ತು. ರಜೆಯ ದಿನ ಬೆಳಗ್ಗೆ ಕಿಟಕಿಯ ಹತ್ತಿರ ಕೂತು, ಅವನ ಅಂಗೈ ತನ್ನ ತೊಡೆಯ ಮೇಲಿಟ್ಟುಕೊಂಡು, ಸೂಜಿಯಿಂದ ಲೋಹದ ಚೂರು ತೆಗೆಯುತ್ತಿದ್ದಳು. ನೋವಾದರೆ ಅವನು ಬಾಯಿ ಬಿಡುತ್ತಿರಲಿಲ್ಲ, ಕಾಲಿನ ಹೆಬ್ಬೆರಳು ಮಾತ್ರ ಅಲ್ಲಾಡುತ್ತಿತ್ತು. ಮಕ್ಕಳಾಗಲಿಲ್ಲ. ಅದರ ದುಃಖವನ್ನು ಇಬ್ಬರೂ ಒಂದು ಕಾಲದಲ್ಲಿ ಅತ್ತು ಮುಗಿಸಿದ್ದರು.

ಲೇತಿನ ಪಕ್ಕದಲ್ಲೇ ಸಾಣೆಯ ಕಲ್ಲು ಇತ್ತು. ಅದರ ದೂಳನ್ನು ಅವನು ಜೀವಮಾನವಿಡೀ ನುಂಗಿದ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಅವಳು ಹೇಳಿ ಹೇಳಿ ಸಾಕಾದಳು. "ಮೂಗು ಮುಚ್ಚಿದ್ರೆ ಕೈ ಓಡಲ್ಲ" ಎಂದು ಅವನು ಜಾರಿಕೊಳ್ಳುತ್ತಿದ್ದ. ಕೊನೆಗೆ ಡಾಕ್ಟರು ಎದೆಯ ಎಕ್ಸ್‌ರೇ ಫೋಟೋ ಹಿಡಿದು ನೋಡಿ, ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗಾಗಿದೆ ಎಂದರು. ಲೇತು ಮಾರಿದ್ದಾಯಿತು. ಅವನಿಗೆ ಮಟ್ಟಸವಾಗಿ ಮಲಗಲು ಬರುತ್ತಿರಲಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಸಾಕು, ನೀರಿಗೆ ಬಿದ್ದವನ ಹಾಗೆ ಬಾಯಿ ತೆರೆದು ಕೈ ಬಡಿಯುತ್ತಿದ್ದ.

ಅದಕ್ಕೇ ಆ ಮಂಚ ಬಂದದ್ದು. ಯಾವುದೋ ಆಸ್ಪತ್ರೆ ಬೇಡವೆಂದು ಬಿಸಾಡಿದ್ದನ್ನು ಹಳೇ ಸಾಮಾನಿನ ಅಂಗಡಿಯಿಂದ ತಂದಿದ್ದರು. ಕಾಲ ಕಡೆ ಒಂದು ಹಿಡಿ. ಹಿಡಿ ತಿರುಗಿಸಿದರೆ ಮಂಚದ ಅಡಿಯಲ್ಲಿ ಉದ್ದನೆಯ ಸ್ಕ್ರೂ ರಾಡು ತಿರುಗುತ್ತದೆ. ರಾಡಿನ ಮೇಲೆ ಕೂತ ಹಿತ್ತಾಳೆಯ ನಟ್ಟು ಹಿಂದೆ ಮುಂದೆ ಸರಿಯುತ್ತದೆ. ನಟ್ಟು ಸರಿದ ಹಾಗೆ ತಲೆಯ ಕಡೆಯ ಅರ್ಧ ಮಂಚ ಏಳುತ್ತದೆ, ಇಳಿಯುತ್ತದೆ. ಅರ್ಧ ಕೂತ ಹಾಗೆ, ಅರ್ಧ ಒರಗಿದ ಹಾಗೆ ಒಂದು ಎತ್ತರದಲ್ಲಿ ಅವನಿಗೆ ಉಸಿರು ಸಲೀಸಾಗಿ ಆಡುತ್ತಿತ್ತು. ನಿದ್ದೆಯೂ ಬರುತ್ತಿತ್ತು.

ಆದರೂ ದಿನಾ ಬೆಳಗ್ಗೆ ಅವನದ್ದು ಒಂದೇ ವರಸೆ. "ಇವಳೇ, ಸ್ವಲ್ಪ ಇಳಿಸು, ನೋಡೋಣ."

ಅವಳು ಹಿಡಿಯನ್ನು ಒಂದೊಂದೇ ಸುತ್ತು ತಿರುಗಿಸಿ ಮಂಚ ಇಳಿಸುವಳು. ಅವನು ಕಣ್ಣು ಮುಚ್ಚಿ ತಡೆದುಕೊಳ್ಳುವನು. ಸಾಕು ಎಂದು ಕೈ ಎತ್ತಿದ ಕೂಡಲೇ ಮತ್ತೆ ಮೇಲೆತ್ತುವಳು. "ನಿನ್ನೆಗಿಂತ ಇವತ್ತು ಜಾಸ್ತಿ ಇಳಿದೆ ಅಲ್ವಾ?" ಎಂದು ಅವನು ಕೇಳುವನು. "ಹೌದು ರೀ" ಎಂದು ಅವಳು ಹೇಳುವಳು. ಒಂದು ದಿನ ಮಟ್ಟಸವಾಗಿ, ಕೈಕಾಲು ಚಾಚಿ ಮಲಗಬೇಕು ಅನ್ನುವುದೊಂದೇ ಅವನ ಆಸೆ. ಅಂದು ಕಾಯಿಲೆ ವಾಸಿಯಾದ ಹಾಗೆ ಎಂದು ಅವನಷ್ಟಕ್ಕೆ ಅವನೇ ತೀರ್ಮಾನ ಮಾಡಿಕೊಂಡಿದ್ದ.

ಒಂದು ಬೆಳಗ್ಗೆ ಅವಳು ಮೇಜಿನ ಹತ್ತಿರ ಯಾರದ್ದೋ ಅಂಗಿಯ ಕಾಲರು ತೀಡುತ್ತಿದ್ದಾಗ ಹಿಂದೆ ದಡಾರನೆ ಸದ್ದಾಯಿತು. ಮಂಚದ ತಲೆ ಕಳಚಿ ಕೆಳಗೆ ಕೂತಿತ್ತು. ಅವನು ಕಣ್ಣು ಮೇಲೆ ಮಾಡಿ ಕೈ ಬಡಿಯುತ್ತಿದ್ದ. ಅವಳು ಹಾರಿ ಹೋಗಿ ಕಂಕುಳಿಗೆ ಕೈ ಹಾಕಿ ಎತ್ತಿ, ಅವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಳು. ಅವನ ಉಸಿರು ದಾರಿಗೆ ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಅಂಗಿ ಸುಟ್ಟು ಮನೆಯೆಲ್ಲ ಕಮರು ವಾಸನೆ. ಇಷ್ಟು ವರ್ಷಗಳ ಕೆಲಸದಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು.

ನಟ್ಟಿನ ಒಳಗಿನ ಥ್ರೆಡ್ಡು, ಆ ಸುರುಳಿ ಗೆರೆ, ಪೂರ್ತಿ ಸವೆದು ಹೋಗಿತ್ತು. ಅವನು ಅದನ್ನು ಕೈಗೆ ತರಿಸಿಕೊಂಡು, ಕಿರುಬೆರಳು ಒಳಗೆ ಹಾಕಿ ತಿರುಗಿಸಿ ನೋಡಿದ. "ಹಲ್ಲು ಬಿದ್ದ ಮುದುಕನ ಬಾಯಿ" ಎಂದ. ಆ ಸ್ಥಿತಿಯಲ್ಲೂ ಅವನಿಗೆ ಹಾಸ್ಯ.

ಅವಳು ಆ ನಟ್ಟು ಹಿಡಿದು ಊರೆಲ್ಲ ಅಲೆದಳು. ಮಂಚದ ಅಂಗಡಿಯವನು, ಆ ಮಾಡೆಲ್ಲು ಈಗ ಬರಲ್ಲ, ಹೊಸ ಮಂಚ ತಗೊಳ್ಳಿ ಎಂದ. ಅದು ಅವಳ ಕೈಗೆ ಎಟುಕುವ ಮಾತಾಗಿರಲಿಲ್ಲ. ದೊಡ್ಡ ವರ್ಕ್‌ಶಾಪಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವನು ಸಾವಿರ ಪೀಸು ಬೇಕಾದರೆ ಹೇಳಿ, ಒಂದಕ್ಕೆಲ್ಲ ಮಿಷನ್ನು ಓಡಿಸುವುದಿಲ್ಲ ಎಂದ. ಮನೆಗೆ ಬಂದು ಹೇಳಿದರೆ ಗಂಡ, "ಎಡಚನ ಹತ್ರ ಹೋಗು ಅಂತ ನಾನು ಮೊದಲೇ ಹೇಳ್ಲಿಲ್ವಾ?" ಎಂದ. ಹೇಳಿರಲಿಲ್ಲ. ಆದರೂ ಅವಳು ಎದುರಾಡಲಿಲ್ಲ.

ಎಡಚ ಅವನ ಕೈಕೆಳಗೆ ಕಲಿತವನು. ಈಗ ಅವನ ಮೀಸೆಯೂ ಬೆಳ್ಳಗಾಗಿತ್ತು. ಮಿಷನ್ನೆಲ್ಲ ಬಲಗೈಯವರಿಗೆ ಮಾಡಿದ್ದು, ನಿನಗಾಗಿ ಯಾರೂ ತಿರುಗಿಸಿ ಮಾಡಿಲ್ಲ ಎಂದು ಬೈಸಿಕೊಂಡೇ ಕಲಿತು, ಈಗ ಒಂದು ಉದ್ದನೆಯ ಕತ್ತಲೆ ಕೋಣೆಯಲ್ಲಿ ತನ್ನದೇ ಹಳೆಯ ಲೇತು ಇಟ್ಟುಕೊಂಡಿದ್ದ. ಅವಳನ್ನು ಬಾಗಿಲಲ್ಲಿ ನೋಡಿದವನೇ ಮಿಷನ್ನು ನಿಲ್ಲಿಸಿ, ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದ.

"ಬನ್ನಿ ಅಕ್ಕ. ಮೇಸ್ತ್ರಿಗಳು ಹೇಗಿದ್ದಾರೆ?"

"ಕೂತಿದ್ದಾರೆ" ಎಂದಳು ಅವಳು. "ಮಲಗೋಕಾಗಲ್ಲ, ಅದಕ್ಕೇ ಬಂದೆ."

ನಟ್ಟು ನೋಡಿ ಅವನು, "ರಾಡೂ ಬೇಕು ಅಕ್ಕ. ಕಾಲು ನೋಡದೆ ಚಪ್ಪಲಿ ಹೊಲಿಯೋಕಾಗತ್ತಾ?" ಎಂದ.

ಅವಳು ಗಂಡನನ್ನು ಕುರ್ಚಿಯಲ್ಲಿ ದಿಂಬುಗಳ ನಡುವೆ ಕೂರಿಸಿ, ಅವನು ಹೇಳಿಕೊಟ್ಟ ಹಾಗೆ ಪಕ್ಕದ ಮನೆಯ ಸ್ಪ್ಯಾನರಿನಿಂದ ರಾಡು ಬಿಚ್ಚಿದಳು. ಹೊರಡುವಾಗ ಅವನು ಅವಳ ಸೆರಗು ಹಿಡಿದು ನಿಲ್ಲಿಸಿ, "ಅವನಿಗೆ ಹೇಳು, ಆಟ ಇರಬಾರದು, ಬಿಗಿಯಾಗಿ ಕೂರಬೇಕು. ಬಾಯಲ್ಲಿ ಕೂತ್ರೆ ಕೊನೆ ತನಕ ಕೂರತ್ತೆ ಅಂತ ನಾನು ಕಲಿಸಿದ್ದು ನೆನಪಿದೆಯಾ ಕೇಳು" ಎಂದ. ಅಷ್ಟು ಹೇಳುವುದಕ್ಕೆ ಅವನು ನಾಲ್ಕು ಸಲ ಉಸಿರು ತೆಗೆದುಕೊಂಡ.

ಎಡಚನಿಗೆ ನೆನಪಿತ್ತು. ಲೇತು ನಡೆಸುವ ಟರ್ನರುಗಳಿಗೆಲ್ಲ ಅದೇ ರೂಢಿ. ನಟ್ಟು ಕೊರೆಯುತ್ತ ಕೊರೆಯುತ್ತ, ರಾಡಿನ ತುದಿಯನ್ನು ಅದರ ಬಾಯಿಗಿಟ್ಟು ನೋಡುತ್ತಾರೆ. ತುದಿ ಹಿತವಾಗಿ ಒಳಗೆ ಹೋದರೆ ಅಳತೆ ಬಂತು ಅಂತ ಲೆಕ್ಕ. ಅವಳು ಸ್ಟೂಲಿನ ಮೇಲೆ ಕೂತು ನೋಡಿದಳು. ಹಿತ್ತಾಳೆ ಸಣ್ಣ ಸಣ್ಣ ಹೊಳೆಯುವ ಚೂರಾಗಿ ಉದುರುತ್ತಿತ್ತು. ಗಂಡನ ಕೆಲಸವನ್ನು ಅವಳು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಊಟದ ಡಬ್ಬಿ ಹಿಡಿದು ವರ್ಕ್‌ಶಾಪಿನ ಬಾಗಿಲವರೆಗೆ ಹೋದದ್ದುಂಟು, ಒಳಗೆ ಕಾಲಿಟ್ಟಿರಲಿಲ್ಲ. ಎಡಚ ಮಿಷನ್ನು ನಿಲ್ಲಿಸಿ ನಟ್ಟಿನೊಳಗೆ ಬೆರಳಿಟ್ಟು ತಲೆ ಓರೆ ಮಾಡಿದ ರೀತಿ ಥೇಟ್ ಗಂಡನದ್ದೇ. ಅವಳ ಕಣ್ಣು ತುಂಬಿತು. ಲೇತಿನ ಹೊಗೆ ಎಂದು ಒರೆಸಿಕೊಂಡಳು.

ಹೊಸ ನಟ್ಟು ರಾಡಿನ ತುದಿಯಲ್ಲಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು. ಸಂಜೆಯೊಳಗೆ ಎಡಚನೇ ಬಂದು ಮಂಚಕ್ಕೆ ಕೂರಿಸಿದ. ಗಂಡನನ್ನು ಮಂಚಕ್ಕೆ ತಂದು ಒರಗಿಸಿ ಅವಳು ಹಿಡಿ ತಿರುಗಿಸಿದಳು. ತಲೆ ಏಳುತ್ತ ಬಂತು. ಅವನು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. "ಪರವಾಗಿಲ್ಲ ಕಣೋ, ಕಲಿತಿದ್ದೀಯ" ಎಂದ. ಅವನ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಎಡಚ ಅದನ್ನು ಕಿಸೆಯಲ್ಲಿಟ್ಟುಕೊಂಡವನ ಹಾಗೆ ಎದ್ದು ಮನೆಗೆ ಹೋದ.

ಮಾರನೆಯ ಬೆಳಗ್ಗೆ ಗಂಡ ಕೆಮ್ಮಿದ. ಕೆಮ್ಮಿನ ಕುಲುಕಿಗೆ ನಟ್ಟು ಜಾರಿ, ತಲೆಯ ಕಡೆ ಒಂದು ಗೇಣು ಕುಸಿಯಿತು. ಅವಳು ಮೇಲೆತ್ತಿದಳು. ಮತ್ತೆ ಕುಸಿಯಿತು. ಆಮೇಲೆ ಅವನು ಕೆಮ್ಮು ಬಂದರೂ ಕೆಮ್ಮದೆ ತಡೆದುಕೊಳ್ಳತೊಡಗಿದ. ಮುಖ ಕಪ್ಪಿಡುವುದನ್ನು ನೋಡಲಾಗದೆ ಅವಳು ಮತ್ತೆ ಬೆನ್ನು ಕೊಟ್ಟು ಕೂತಳು. ಪಕ್ಕದ ಮನೆಯವರ ಕೈಲಿ ಎಡಚನಿಗೆ ಹೇಳಿ ಕಳಿಸಿದಳು.

ಎಡಚ ಬಂದು ಮಂಚದ ಅಡಿಗೆ ತೂರಿ ಅಂಗಾತ ಮಲಗಿದ. ರಾಡಿನ ತುದಿಯಲ್ಲಿ ಬೆರಳಾಡಿಸಿ ನೋಡಿದ. "ತುದೀಲಿ ಸರಿಯಾಗೇ ಇದೆಯಲ್ಲ" ಎಂದು ತನಗೆ ತಾನೇ ಹೇಳಿಕೊಂಡ.

"ಮಧ್ಯದಲ್ಲಿ ಹಿಡಿ ಹಗುರಾಗತ್ತೆ" ಎಂದಳು ಅವಳು, ಗಂಡನ ಬೆನ್ನ ಹಿಂದಿನಿಂದ. "ಮೊದಲಿಂದಲೂ ಹಾಗೇ. ಅವರು ಕೂರೋ ಎತ್ತರ ಬರ್ತಿದ್ದ ಹಾಗೆ ಕೈಗೆ ಭಾರ ಗೊತ್ತಾಗಲ್ಲ."

ಕೆಳಗೆ ಸದ್ದು ನಿಂತಿತು. ಎಡಚ ರಾಡಿನ ಉದ್ದಕ್ಕೂ ದಪ್ಪ ಅಳೆಯುವ ಕ್ಯಾಲಿಪರು ಹಿಡಿದು ನೋಡುತ್ತ ಬಂದ. ಆಸ್ಪತ್ರೆಯಲ್ಲಿ ಎಷ್ಟು ಜನ ರೋಗಿಗಳು ಆ ಮಂಚದ ಮೇಲೆ ಅದೇ ಅರ್ಧ ಎತ್ತರದಲ್ಲಿ ಒರಗಿದ್ದರೋ. ನಟ್ಟು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ರಾಡು ಸವೆದು ಸಣ್ಣಗಾಗಿತ್ತು. ಎರಡು ತುದಿ ಮಾತ್ರ ಹೊಸದರ ಹಾಗೇ ದಪ್ಪ. ಬಾಯಲ್ಲಿ ಕೂತದ್ದು ಕೊನೆ ತನಕ ಕೂರಲಿಲ್ಲ. ಗುರು ಹೇಳಿಕೊಟ್ಟ ಮಾತನ್ನು ಶಿಷ್ಯ ಚಾಚೂ ತಪ್ಪದೆ ಪಾಲಿಸಿದ್ದೇ ತಪ್ಪಾಗಿತ್ತು. ಎಡಚ ಹೊರಗೆ ಬಂದಾಗ ಮೇಸ್ತ್ರಿಗೂ ಅವನಿಗೂ ಕಣ್ಣು ಕೂಡಿತು.

ಅಂಗಳದವರೆಗೆ ಕಳಿಸಲು ಬಂದ ಅವಳಿಗೆ ಎಡಚ ದನಿ ತಗ್ಗಿಸಿ ಹೇಳಿದ. "ಅಕ್ಕ, ರಾಡೇ ಹೊಸದು ಮಾಡೋಣ ಅಂದ್ರೆ ನನ್ನ ಲೇತು ಅಷ್ಟು ಉದ್ದ ಹಿಡಿಯಲ್ಲ. ಒಂದು ದಾರಿ ಇದೆ. ಆ ಸಣ್ಣಗಾಗಿರೋ ಜಾಗಕ್ಕೇ ಅಳತೆ ಇಟ್ಟು ನಟ್ಟು ಮಾಡಿ, ಅದನ್ನ ಸೀಳಿ ಎರಡು ಹೋಳು ಮಾಡ್ತೀನಿ. ಎರಡೂ ಕಡೆಯಿಂದ ರಾಡನ್ನ ತಬ್ಬಿ ಹಿಡಿಯೋ ಹಾಗೆ ಬೋಲ್ಟು ಹಾಕಿ ಬಿಗಿದ್ರೆ ಕಲ್ಲಿನ ಹಾಗೆ ನಿಲ್ಲತ್ತೆ. ಅವರು ಎಷ್ಟು ಕೆಮ್ಮಿದ್ರೂ ಜಾರಲ್ಲ."

"ಮಾಡಪ್ಪ ಮತ್ತೆ."

"ಅದು ಆ ಜಾಗ ಬಿಟ್ಟು ಆಚೆ ಈಚೆ ಹೋಗಲ್ಲ ಅಕ್ಕ. ಒಂದೆರಡು ಸುತ್ತು ಏಳತ್ತೆ, ಒಂದೆರಡು ಸುತ್ತು ಇಳಿಯತ್ತೆ. ದಪ್ಪ ಇರೋ ಕಡೆ ಹತ್ತಲ್ಲ." ಅವನು ಅವಳ ಮುಖ ನೋಡದೆ, ಕ್ಯಾಲಿಪರಿನ ತಿರುಪು ತಿರುಗಿಸುತ್ತ ನಿಂತ. "ಮಂಚ ಮತ್ತೆ ಮಟ್ಟ ಆಗಲ್ಲ. ಬೇಡ ಅಂದ್ರೆ ಈಗಿರೋದನ್ನೇ ಇಟ್ಕೊಳ್ಳಿ. ಮೇಲೂ ಹೋಗತ್ತೆ, ಕೆಳಗೂ ಬರತ್ತೆ. ಆದ್ರೆ ಯಾವಾಗ ಕೈಕೊಡತ್ತೋ ಗೊತ್ತಿಲ್ಲ."

ಅತ್ತ ದರಿ, ಇತ್ತ ಪುಲಿ. ಅವಳು ತಂತಿಯ ಮೇಲೆ ಒಣಗುತ್ತಿದ್ದ ಯಾರದ್ದೋ ಪ್ಯಾಂಟನ್ನು ಎಳೆದು ನೆಟ್ಟಗೆ ಮಾಡಿದಳು. ಕಬ್ಬಿಣದ ತುಂಡಿನ ಮಾತು ಅನ್ನುವ ಹಾಗೆ ಎಡಚ ಹೇಳುತ್ತಿದ್ದಾನೆ, ಪಾಪ. ಆದರೆ ಕೇಳುತ್ತಿರುವುದು ಕಬ್ಬಿಣದ ಮಾತಲ್ಲ ಎಂದು ಅವನಿಗೂ ಗೊತ್ತು. ಮಟ್ಟಸವಾಗಿ ಮಲಗುವ ದಿನಕ್ಕಾಗಿ ಒಬ್ಬ ಮನುಷ್ಯ ದಿನಾ ಬೆಳಗ್ಗೆ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದಾನೆ. ಅವನ ಹೆಂಡತಿಯಾದವಳು, ಆ ದಿನ ಬರುವುದಿಲ್ಲ ಎಂದು ತನ್ನ ಬಾಯಿಂದಲೇ ಹೇಳಬೇಕು. ಹೇಳದಿದ್ದರೆ ಅವನು ಉಸಿರು ಕಟ್ಟಿ ಕೆಮ್ಮು ನುಂಗಬೇಕು. ಇಂಥ ಮಾತಿಗೆ ಯಾರ ಹತ್ತಿರ ಹೋಗಿ ಸಲಹೆ ಕೇಳುವುದು? ಅವಳು ಇಷ್ಟು ದಿನ ಏನೇ ಕೇಳಬೇಕಾದರೂ ಅವನನ್ನೇ ಕೇಳಿದ್ದಳು.

"ಎರಡು ಹೋಳು ಮಾಡಿಬಿಡು" ಎಂದಳು.

"ಮೇಸ್ತ್ರಿಗಳಿಗೆ?"

"ನಾನು ಹೇಳ್ಕೋತೀನಿ."

ಅವಳು ಹೇಳಲಿಲ್ಲ. ಎಡಚ ಎರಡು ಹೋಳಿನ ನಟ್ಟು ಮಾಡಿ ತಂದು, ಅಡಿಗೆ ತೂರಿ ಬಿಗಿದು, ಮೇಸ್ತ್ರಿ ಏನಾದರೂ ಕೇಳಿಯಾರು ಎಂದು ನೀರು ಕೂಡ ಕುಡಿಯದೆ ಹೊರಟುಹೋದ. ಮಂಚ ನಿಂತಿತು. ಗಂಡ ಅಂಜುತ್ತ ಅಂಜುತ್ತ ಒಮ್ಮೆ ಕೆಮ್ಮಿದ, ಅಲ್ಲಾಡಲಿಲ್ಲ. ಆಮೇಲೆ ಎದೆಯಲ್ಲಿ ಕಟ್ಟಿಕೊಂಡಿದ್ದನ್ನೆಲ್ಲ ಕೆಮ್ಮಿ ಕೆಮ್ಮಿ ಖಾಲಿ ಮಾಡಿದ. ಅಂದು ರಾತ್ರಿ ಒರಗಿದವನು ಮಾರನೆಯ ದಿನ ಬಿಸಿಲು ಏರುವ ತನಕ ನಿದ್ದೆ ಹೋದ. ಅವಳೂ ಮೇಜಿನ ಮೇಲೆ ತಲೆಯಿಟ್ಟು, ಬಿಸಿಯಾರದ ಬಟ್ಟೆಗಳ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದಳು.

ಎದ್ದ ಮೇಲೆ ಅವನು ಎಂದಿನ ಹಾಗೆ, "ಇವಳೇ, ಸ್ವಲ್ಪ ಇಳಿಸು, ನೋಡೋಣ" ಎಂದ.

ಅವಳು ಹಿಡಿ ತಿರುಗಿಸಿದಳು. ಎರಡು ಸುತ್ತಿಗೆ ಅದು ಗಟ್ಟಿಯಾಗಿ ನಿಂತಿತು.

"ಯಾಕೆ ನಿಲ್ಲಿಸಿದೆ? ತಡ್ಕೋತೀನಿ, ತಿರುಗಿಸು."

"ಇಷ್ಟೇ ರೀ ಬರೋದು."

ಅವನು ತಲೆ ಓರೆ ಮಾಡಿದ. ಜೀವಮಾನವೆಲ್ಲ ಥ್ರೆಡ್ಡು ಕೊರೆದವನಿಗೆ ಮಂಚದ ಅಡಿ ನೋಡಬೇಕಾಗಿರಲಿಲ್ಲ. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ಇಸ್ತ್ರಿಯ ಬಟ್ಟೆ ಕೇಳಿದರು. ಅವಳು ಹೋಗಲಿಲ್ಲ.

"ಎರಡು ಹೋಳಾ?" ಎಂದು ಕೇಳಿದ.

"ಹೌದು."

"ಎಡಚ ಹೇಳಿದ್ನಾ, ನೀನು ಹೇಳಿದ್ಯಾ?"

"ಮಾಡೋದು ಹೇಗೆ ಅಂತ ಅವನು ಹೇಳ್ದ. ಮಾಡು ಅಂತ ನಾನು ಹೇಳ್ದೆ."

"ಡಾಕ್ಟರು ನಿನಗೇನಾದ್ರೂ ಹೇಳಿದ್ದಾರಾ?"

"ಯಾರೂ ಏನೂ ಹೇಳಿಲ್ಲ ರೀ." ಅವಳು ಅವನ ಕಾಲ ಬಳಿ, ಹಿಡಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಅಲ್ಲಿಂದ ಅವನ ಮುಖ ಕಾಣುತ್ತಿರಲಿಲ್ಲ. ಅದು ಅವಳಿಗೆ ಅನುಕೂಲವೇ ಆಯಿತು. "ತಿರುಗಿಸೋಳು ನಾನಲ್ವಾ? ದಿನಾ ಜಾಸ್ತಿ ಇಳಿದ್ರಿ ಅಂತ ಹೇಳ್ತಿದ್ದೆ. ಇಳೀತಾ ಇರಲಿಲ್ಲ. ಕಮ್ಮಿ ಆಗ್ತಾ ಬಂದಿತ್ತು."

ಅವನಿಗೆ ಸಿಟ್ಟು ಬರುತ್ತದೆ ಎಂದು ಅವಳು ಕಾದಳು. ಬಂದಿದ್ದರೆ ಅವಳಿಗೂ ಎದೆ ಹಗುರಾಗುತ್ತಿತ್ತೇನೋ.

"ನಾನೂ ಸದ್ದು ಲೆಕ್ಕ ಹಾಕ್ತಿದ್ದೆ" ಎಂದ ಅವನು. "ಪ್ರತಿ ಸುತ್ತಿಗೂ ಒಂದು ಕಟಕ್ ಬರ್ತಿತ್ತು. ನೀನು ಹೌದು ಅಂದಾಗ ಹೌದು ಅಂತ ಇಟ್ಕೊಂಡೆ."

ಆಮೇಲೆ ಅವನೆಂದೂ ಇಳಿಸು ಎಂದು ಕೇಳಲಿಲ್ಲ. ಬೆಳಗಿನ ಆ ಹೊತ್ತಿನಲ್ಲಿ ಅವಳು ಅವನ ಪಕ್ಕ ಸ್ಟೂಲು ಹಾಕಿಕೊಂಡು ಕೂರತೊಡಗಿದಳು. ಅವನು ಹಳೆಯ ಗಿರಾಕಿಗಳ ಕಥೆ ಹೇಳುವನು. ಒಂದು ಕೂದಲೆಳೆ ಹೆಚ್ಚು ತೆಗೆದು ಯಾರದ್ದೋ ಪಂಪಿನ ಶಾಫ್ಟು ಹಾಳು ಮಾಡಿದ್ದು, ಅದನ್ನು ಮುಚ್ಚಿಹಾಕಲು ಪಟ್ಟ ಪಾಡು. ಮದುವೆಯಾಗಿ ಇಷ್ಟು ಕಾಲದಲ್ಲಿ ಅವನು ಇಷ್ಟು ಮಾತಾಡಿದ್ದೇ ಇಲ್ಲ. ಆಗ ಉಸಿರಿತ್ತು, ಮಾತಿರಲಿಲ್ಲ. ಎಡಚನೂ ಆಗೀಗ ಬಂದು ಕೂರುವನು. ತಾನು ಮಾಡಿದ ಯಾವುದಾದರೂ ತುಂಡು ತಂದು ಮೇಸ್ತ್ರಿಯ ಕೈಗಿಡುವನು. ಮೇಸ್ತ್ರಿ ಬೆರಳಾಡಿಸಿ ನೋಡಿ, ಇನ್ನೊಂದು ಕೂದಲೆಳೆ ತೆಗೀಬೇಕಿತ್ತು ಎನ್ನುವನು.

ಮಳೆಗಾಲ ಕಳೆದು, ಬಟ್ಟೆ ಬೇಗ ಒಣಗುವ ದಿನಗಳು ಬಂದವು. ಒಂದು ಬೆಳಗ್ಗೆ ಅವಳು ಮೇಜಿನ ಹತ್ತಿರ ನಿಂತು ದೊಡ್ಡ ಪಂಚೆಯೊಂದನ್ನು ಮಡಿಸುತ್ತಿದ್ದವಳು, ಯಾಕೋ ಕೋಣೆ ಸುಮ್ಮನಿದೆ ಅನಿಸಿ ತಿರುಗಿ ನೋಡಿದಳು. ಅವನು ಒರಗಿದ ಹಾಗೆಯೇ ಇದ್ದ. ಎದೆ ಏಳುತ್ತಿರಲಿಲ್ಲ. ಅವಳು ಮೊದಲು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಆಮೇಲೆ ಹತ್ತಿರ ಹೋದಳು.

ಅಕ್ಕಪಕ್ಕದವರು ಬಂದರು. ಹೀಗೆ ಕೂತ ಹಾಗೆ ಬಿಡಬಾರದು, ಮೈ ಸೆಟೆಯುವ ಮುಂಚೆ ಮಲಗಿಸಬೇಕು ಎಂದು ಯಾರೋ ಕಾಲ ಕಡೆ ಹೋಗಿ ಹಿಡಿ ತಿರುಗಿಸಿದರು. ಅದು ಎರಡು ಸುತ್ತಿಗೆ ನಿಂತಿತು. ಇನ್ನೊಬ್ಬರು ಬಲ ಹಾಕಿದರು. ನೆಲದ ಮೇಲೆ ಇಳಿಸಿಬಿಡೋಣ ಎಂದು ಮತ್ತೊಬ್ಬರು ಕಂಕುಳಿಗೆ ಕೈ ಹಾಕಲು ಬಂದರು.

"ಮುಟ್ಟಬೇಡಿ" ಎಂದಳು ಅವಳು. "ಎಡಚನ್ನ ಕರೀರಿ."

ಎಡಚ ಸ್ಪ್ಯಾನರು ಹಿಡಿದು ಬಂದ. ಬಾಗಿಲಲ್ಲಿ ಒಂದು ಕ್ಷಣ ನಿಂತು ಮೇಸ್ತ್ರಿಯ ಮುಖ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಮಂಚದ ಅಡಿಗೆ ತೂರಿದ. ಅವಳು ತಲೆಯ ಕಡೆ ಹೋಗಿ, ಮಂಚದ ಏರಿದ ಭಾಗದ ಕೆಳಗೆ ಮಂಡಿಯೂರಿ, ಅದಕ್ಕೆ ತನ್ನ ಬೆನ್ನು ಕೊಟ್ಟು ಕೂತಳು. ಕೈ ಕೊಡಲು ಬಂದವರು ಹಿಂದೆ ಸರಿದರು.

"ಅಕ್ಕ, ಬಿಚ್ಚುತ್ತಾ ಇದೀನಿ. ಭಾರ ಪೂರ್ತಿ ನಿಮ್ಮ ಮೇಲೆ ಬರತ್ತೆ" ಎಂದ ಎಡಚ ಕೆಳಗಿನಿಂದ.

"ಬರಲಿ."

ಒಂದು ಬೋಲ್ಟು ಸಡಿಲವಾಯಿತು. ಇನ್ನೊಂದೂ ಸಡಿಲವಾಯಿತು. ಹಿತ್ತಾಳೆಯ ಎರಡು ಹೋಳು ಎಡಚನ ಅಂಗೈಗೆ ಬಿದ್ದವು. ಭಾರ ಬಂತು. ಅವಳು ಅಂದುಕೊಂಡಷ್ಟು ಭಾರವಿರಲಿಲ್ಲ. ಇಷ್ಟು ದಿನದಲ್ಲಿ ಅವನು ಅಷ್ಟು ಇಳಿದುಹೋಗಿದ್ದ. ಅವಳು ಬೆನ್ನು ಬಗ್ಗಿಸುತ್ತ ಬಗ್ಗಿಸುತ್ತ, ಆತುರವಿಲ್ಲದೆ ಅವನನ್ನು ಇಳಿಸಿದಳು. ಮಂಚ ಮಟ್ಟವಾಯಿತು. ಅವನ ಬಾಯಿ ತೆರೆಯಲಿಲ್ಲ, ಕೈ ಬಡಿಯಲಿಲ್ಲ.

ಅಡಿಯಿಂದ ಹೊರಬಂದು ಎದ್ದು ನಿಂತು, ಅವನ ಕೈಗಳನ್ನು ನೇರ ಮಾಡಿ, ಮಡಚಿದ್ದ ಮಂಡಿಗಳನ್ನು ಒತ್ತಿ ಚಾಚಿ, ಹೊದಿಕೆ ಎಳೆದಳು. ತಿಂಗಳುಗಟ್ಟಲೆ ಒರಗಿದ್ದವನನ್ನು ಮುಚ್ಚಿ ಇನ್ನೂ ಮಿಗುತ್ತಿದ್ದ ಹೊದಿಕೆ ಅದು. ಎದೆಗೆ ಎಳೆದರೆ ಪಾದ ಹೊರಗುಳಿಯಿತು. ಪಾದ ಮುಚ್ಚಿದರೆ ಎದೆಗೆ ಸಾಲಲಿಲ್ಲ. ತನ್ನ ಗಂಡ ಇಷ್ಟು ಉದ್ದದ ಆಳು ಅನ್ನುವುದೇ ಅವಳಿಗೆ ಮರೆತುಹೋಗಿತ್ತು.